ಬಾಸ್‌ಗೊಂದು ದಾರಿ, ಟ್ರೆಬಲ್‌ಗೊಂದು ದಾರಿ

ಫಿಲ್ಟರ್ ಎಂದರೆ ನಮ್ಮಲ್ಲಿ ಹಲವರಿಗೆ ಇಂಟರ್ನಲ್ಸ್‌ಗೆ ಬಾಯಿಪಾಠ ಮಾಡಿದ ಸೂತ್ರ, ಲ್ಯಾಬ್ ರೆಕಾರ್ಡ್‌ನಲ್ಲಿ ಎಳೆದ ಗ್ರಾಫ್. ಪರೀಕ್ಷೆ ಮುಗಿದರೆ ಅದರ ಕಥೆಯೂ ಮುಗಿಯಿತು. ಆ ಸೂತ್ರ ನನಗೆ ನಿಜವಾಗಿ ಅರ್ಥವಾಗಿದ್ದು ಹಳೆಯ ಮರದ ಪೆಟ್ಟಿಗೆಯೊಂದರ ಬಗ್ಗೆ ಓದಿದಾಗ. ಅದೇ ಲೆಸ್ಲಿ ಸ್ಪೀಕರ್.

1935ರಲ್ಲಿ ಅಮೆರಿಕದಲ್ಲಿ ಹ್ಯಾಮಂಡ್ ಆರ್ಗನ್ ಮಾರುಕಟ್ಟೆಗೆ ಬಂತು. ಅದನ್ನು ಕೊಂಡ ಡಾನ್ ಲೆಸ್ಲಿಗೆ, ದೊಡ್ಡ ಶೋರೂಮಿನಲ್ಲಿ ತುಂಬಿ ಬರುತ್ತಿದ್ದ ನಾದ ಮನೆಯಲ್ಲಿ ಸಪ್ಪೆ ಎನಿಸಿತು. ನಾದವನ್ನೇ ತಿರುಗಿಸಿದರೆ ಹೇಗೆ ಎಂದು ಅವರು ಯೋಚಿಸಿದರು.

ಅದಕ್ಕೆ ಮೊದಲು ನಾದವನ್ನು ಎರಡು ಭಾಗ ಮಾಡಬೇಕಿತ್ತು. ಬಾಸ್‌ಗೆ ಸಾಕಷ್ಟು ಗಾಳಿ ತಳ್ಳುವ ದೊಡ್ಡ ಕೋನ್ ಬೇಕು, ಟ್ರೆಬಲ್‌ಗೆ ಚುರುಕಾಗಿ ಕಂಪಿಸುವ ಹಗುರ ಪೊರೆ ಬೇಕು. ಲೆಸ್ಲಿಯ ಪ್ರಸಿದ್ಧ 122 ಮಾದರಿಯಲ್ಲಿ ಕ್ರಾಸ್‌ಓವರ್ 800 ಹರ್ಟ್ಸ್‌ನಲ್ಲಿ ಗೆರೆ ಎಳೆಯುತ್ತದೆ. ಕೆಳಗಿನ ಸ್ವರಗಳು 15 ಇಂಚಿನ ವೂಫರ್‌ಗೆ, ಮೇಲಿನವು ಹಾರ್ನ್‌ಗೆ. ವೂಫರ್ ಅಲುಗುವುದಿಲ್ಲ, ಅದರ ಕೆಳಗಿನ ಡ್ರಮ್ ತಿರುಗುತ್ತದೆ. ಮೇಲೆ ಎರಡು ಹಾರ್ನ್ ಸುತ್ತುತ್ತವೆ. ಆದರೆ ದನಿ ಬರುವುದು ಒಂದರಿಂದ ಮಾತ್ರ, ಇನ್ನೊಂದು ತೂಕ ಸರಿದೂಗಿಸಲು! ಆಂಬುಲೆನ್ಸ್ ಹತ್ತಿರ ಬಂದು ದೂರ ಹೋಗುವಾಗ ಸೈರನ್ ಸ್ವರ ಬದಲಾಗುತ್ತದಲ್ಲ, ಅದೇ ಡಾಪ್ಲರ್ ಪರಿಣಾಮ ಇಲ್ಲಿ ಪ್ರತಿ ಸುತ್ತಿನಲ್ಲೂ ಆಗುತ್ತದೆ.

ಇದನ್ನು ಓದಿದ ಮೇಲೆ ಮಿನಿ ಪ್ರಾಜೆಕ್ಟ್‌ಗೆ ತಿರುಗದ ಪುಟ್ಟ ಪೆಟ್ಟಿಗೆ ಮಾಡಿದೆ. 8 ಓಮ್ ಸ್ಪೀಕರ್, 800 ಹರ್ಟ್ಸ್: ಸೂತ್ರಕ್ಕೆ ಹಾಕಿದರೆ ವೂಫರ್‌ನ ಸರಣಿಯಲ್ಲಿ ಸುಮಾರು 1.6 ಮಿಲಿಹೆನ್ರಿ ಕಾಯಿಲ್, ಇನ್ನೊಂದರ ಸರಣಿಯಲ್ಲಿ ಸುಮಾರು 25 ಮೈಕ್ರೋಫ್ಯಾರಡ್ ಕೆಪಾಸಿಟರ್. ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ. ಕೆಪಾಸಿಟರ್ ನಾನ್-ಪೋಲಾರ್ ಆಗಿರಲಿ. ಸಾಮಾನ್ಯ ಟ್ವೀಟರ್‌ಗೆ 800 ಹರ್ಟ್ಸ್ ತೀರಾ ಕೆಳಗಾದ್ದರಿಂದ 3 ಇಂಚಿನ ಸ್ಪೀಕರ್ ಬಳಸಿದೆ. ಭಾವಗೀತೆಯೊಂದನ್ನು ಹಾಕಿದರೆ ಡಗ್ಗಾದ ಗುಮುಗುಮು ಒಂದು ಕಡೆ, ತಾಳದ ಕಿಣಿಕಿಣಿ ಇನ್ನೊಂದು ಕಡೆ. ಲೆಸ್ಲಿಯಲ್ಲಿ ಇರುವುದು ಇನ್ನೂ ಕಡಿದಾಗಿ ಬೇರ್ಪಡಿಸುವ ಸರ್ಕ್ಯೂಟ್. ತತ್ವ ಮಾತ್ರ ಇದೇ.

ಕೆಲಸ ಹುಡುಕುವವರಿಗೆ ಇದರಲ್ಲಿ ಇನ್ನೊಂದು ವಿಷಯವಿದೆ. ಲೆಸ್ಲಿ ತಮ್ಮ ಸ್ಪೀಕರ್ ಅನ್ನು ಹ್ಯಾಮಂಡ್ ಕಂಪನಿಗೇ ತೋರಿಸಿದ್ದರು. ಕಂಪನಿ ಬೇಡವೆಂದಿತು. ಅವರು ಸ್ವಂತವಾಗಿ ಎಲೆಕ್ಟ್ರೋ ಮ್ಯೂಸಿಕ್ ಕಂಪನಿ ಕಟ್ಟಿದರು. 1965ರಲ್ಲಿ ಅದನ್ನು ಸಿಬಿಎಸ್ ಕೊಂಡುಕೊಂಡಿತು. ಇಂದು ಹ್ಯಾಮಂಡ್ ಎಂದೊಡನೆ ಜೊತೆಗೇ ಬರುವ ಹೆಸರು ಲೆಸ್ಲಿ.

ಇಂಟರ್‌ವ್ಯೂನಲ್ಲಿ 'ಫಿಲ್ಟರ್ ಬಗ್ಗೆ ಹೇಳಿ' ಎಂದರೆ ಸೂತ್ರ ಎಲ್ಲರೂ ಹೇಳುತ್ತಾರೆ. ಕಾಯಿಲ್ ಸುತ್ತಿ, ಬೆಸುಗೆ ಹಾಕಿ, ಕಿವಿಯಿಂದ ಕೇಳಿದವರ ಬಳಿ ಹೇಳಲು ಇನ್ನಷ್ಟು ಇರುತ್ತದೆ. ಈ ಸೆಮಿಸ್ಟರ್ ರಜೆಯಲ್ಲಿ ನೀವೂ ಒಂದು ಪೆಟ್ಟಿಗೆ ಮಾಡಿ ನೋಡಿ.