ಬೆನ್ನಿನ ಹೊರೆ ಮತ್ತು ಅದಕ್ಕೆ ತಕ್ಕ ಚೀಲದ ಆಯ್ಕೆ

ಹೊರೆಯನ್ನು ತಲೆಯ ಮೇಲೆ ಹೊರುವುದು ನಮ್ಮ ನಾಡಿನ ರೂಢಿ. ಹುಲ್ಲಿನ ಕಟ್ಟು, ಗೊಬ್ಬರದ ಮಂಕರಿ, ನೀರಿನ ಕೊಡ ಇವೆಲ್ಲವೂ ಸಿಂಬಿಯ ಮೇಲೆ ಕುಳಿತು ತಲೆಯಿಂದಲೇ ಸಾಗುತ್ತವೆ. ಭಾರವು ಬೆನ್ನೆಲುಬಿನ ನೇರಕ್ಕೆ ಇಳಿಯುವುದರಿಂದ ಸಮನಾದ ದಾರಿಯಲ್ಲಿ ಈ ಕ್ರಮವು ಒಳ್ಳೆಯದೇ ಸರಿ. ಆದರೆ ಕಡಿದಾದ ಇಳಿಜಾರಿನಲ್ಲಿಯೂ ಎರಡು ಕೈಗಳಿಗೂ ಕೆಲಸವಿರುವಲ್ಲಿಯೂ ಹೊರೆಯು ಬೆನ್ನಿಗೇ ಬರಬೇಕಾಗುತ್ತದೆ. ಔಷಧ ಸಿಂಪಡಿಸುವ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ದಿನವೆಲ್ಲಾ ತೋಟದಲ್ಲಿ ನಡೆದ ಆಳಿನ ಹೆಗಲನ್ನು ಸಂಜೆಯಲ್ಲಿ ನೋಡಿದ ಜಮೀನುದಾರರಿಗೆ ಈ ವಿಷಯವು ಹೊಸದೇನೂ ಅಲ್ಲ.

ಬೆನ್ನಿನ ಹೊರೆಯನ್ನು ಕುರಿತು ಕೂಲಂಕಷವಾಗಿ ಯೋಚಿಸಿದವರಲ್ಲಿ ಅಮೆರಿಕದ ಪಶ್ಚಿಮ ಭಾಗದ ಬೆಟ್ಟಗಾಡುಗಳಲ್ಲಿ ಬೇಟೆಯಾಡುವವರೂ ಸೇರಿದ್ದಾರೆ. ನಮ್ಮ ದೇಶದಲ್ಲಿ ೧೯೭೨ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೂಲಕ ಬೇಟೆಯು ನಿಷಿದ್ಧವಾಗಿರುವುದರಿಂದ ಅವರ ಬೇಟೆಯು ನಮಗೆ ಬೇಕಾದುದಲ್ಲ. ಅವರ ಚೀಲವು ಮಾತ್ರ ನೋಡತಕ್ಕದ್ದು. ಅಲ್ಲಿ ಎಲ್ಕ್ ಎಂಬ, ನಮ್ಮ ಕಡವೆಯ ಜಾತಿಗೆ ಹತ್ತಿರವಾದ ದೊಡ್ಡ ಮೃಗವಿದೆ. ಬೆಳೆದ ಗಂಡು ಸುಮಾರು ೭೦೦ ಪೌಂಡು ತೂಗುವುದುಂಟು. ಅಂಥದರ ಮೂಳೆಯನ್ನೆಲ್ಲಾ ತೆಗೆದ ಮೇಲೂ ಸುಮಾರು ೨೦೦ ಪೌಂಡು ಮಾಂಸವು ಉಳಿಯುತ್ತದೆ. ೧೯೬೪ರ ಕಾನೂನಿನಂತೆ ಕಾದಿಟ್ಟ ಅಡವಿಗಳೊಳಗೆ ಮೋಟಾರು ವಾಹನವು ಹೋಗಕೂಡದು. ತಿನ್ನತಕ್ಕ ಮಾಂಸವನ್ನು ಅಲ್ಲಿಯೇ ಬಿಟ್ಟು ಬರುವುದು ಅಲಾಸ್ಕ, ಕೊಲರಾಡೊ ಮುಂತಾದ ಸಂಸ್ಥಾನಗಳಲ್ಲಿ ಶಿಕ್ಷಾರ್ಹವಾದ ಅಪರಾಧ. ಹವೆಯು ಬೆಚ್ಚಗಿದ್ದರಂತೂ ಮಾಂಸವು ಬೇಗನೆ ಕೆಡುತ್ತದೆ. ಕುದುರೆಯಿಲ್ಲದವನು ಬೆನ್ನಿನ ಮೇಲೆಯೇ, ಮೂರು ನಾಲ್ಕು ಸಲ ಹೋಗಿ ಬಂದು, ಎಲ್ಲವನ್ನೂ ಸಾಗಿಸಬೇಕು. ಚೀಲವು ಸರಿಯಿಲ್ಲದಿದ್ದರೆ ಎರಡನೆಯ ಸಲಕ್ಕೇ ಅವನ ಹೆಗಲು ಸೋಲುತ್ತದೆ.

ಈ ಚೀಲದ ಚರಿತ್ರೆಯು ಸ್ವಾರಸ್ಯವಾಗಿದೆ. ಅಲಾಸ್ಕದ ಮೂಲನಿವಾಸಿಗಳು ಕೋಲುಗಳಿಗೆ ಚರ್ಮವನ್ನು ಬಿಗಿದು ಮಾಡಿಕೊಳ್ಳುತ್ತಿದ್ದ ಹೊರೆಯ ಚೌಕಟ್ಟನ್ನು ಕಂಡ ಲಾಯ್ಡ್ ನೆಲ್ಸನ್ ಎಂಬಾತನು ಅದನ್ನೇ ತಿದ್ದಿ, ಮರದ ಚೌಕಟ್ಟಿಗೆ ಕ್ಯಾನ್‌ವಾಸು ಬಟ್ಟೆಯನ್ನು ಬಿಗಿದು, ೧೯೨೪ರಲ್ಲಿ ಪೇಟೆಂಟು ಪಡೆದನು. ಮರವು ಬೆನ್ನಿಗೆ ತಾಗದೆ ಬಟ್ಟೆಯು ಮಾತ್ರ ತಾಗುವುದೂ, ಚೀಲವನ್ನು ಬೇರ್ಪಡಿಸಿ ಬರಿಯ ಚೌಕಟ್ಟಿಗೇ ಹೊರೆಯನ್ನು ಕಟ್ಟಬಹುದಾದುದೂ ಅದರ ವಿಶೇಷಗಳು. ೧೯೫೨ರಿಂದ ಕ್ಯಾಲಿಫೋರ್ನಿಯದ ಡಿಕ್ ಕೆಲ್ಟಿ ಎಂಬವನು ಹಗುರವಾದ ಅಲ್ಯೂಮಿನಿಯಂ ಚೌಕಟ್ಟಿನ ಚೀಲಗಳನ್ನು ಮಾರಲಾರಂಭಿಸಿದನು. ಭಾರವನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸುವ ನಡುಪಟ್ಟಿಯು ಬಳಕೆಗೆ ಬಂದುದೂ ಅವನ ಚೀಲಗಳಿಂದಲೇ ಹೆಚ್ಚು.

ಸೌಖ್ಯದ ಗುಟ್ಟೆಲ್ಲವೂ ಈ ನಡುಪಟ್ಟಿಯಲ್ಲಿದೆ. ಹೆಗಲು ಹೊರೆಯನ್ನು ಬೀಳದಂತೆ ಹಿಡಿಯುವುದಕ್ಕೆ ತಕ್ಕುದೇ ಹೊರತು ಬಹುಹೊತ್ತು ಹೊರುವುದಕ್ಕೆ ತಕ್ಕುದಲ್ಲ; ಹೊರತಕ್ಕುದು ಸೊಂಟದ ಎಲುಬು ಮತ್ತು ತೊಡೆ. ಪಟ್ಟಿಯು ಹೊಟ್ಟೆಯ ಮೇಲೆ ಬಾರದೆ ಸೊಂಟದೆಲುಬಿನ ಏಣನ್ನು ಅಪ್ಪಿಕೊಂಡು ಕೂರಬೇಕು. ಇದಕ್ಕಾಗಿ ಚೀಲವನ್ನು ಆಳಿನ ಎತ್ತರವನ್ನು ನೋಡಿ ಕೊಳ್ಳತಕ್ಕದ್ದಲ್ಲ, ಬೆನ್ನಿನ ಉದ್ದವನ್ನು ಅಳೆದು ಕೊಳ್ಳತಕ್ಕದ್ದು. ತಲೆಯನ್ನು ತಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ತೋರುವ ಎಲುಬಿನಿಂದ, ಎರಡು ಕಡೆಯ ಸೊಂಟದೆಲುಬುಗಳ ತುದಿಗಳನ್ನು ಕೂಡಿಸುವ ಗೆರೆಯವರೆಗೆ ದಾರವನ್ನು ಹಿಡಿದರೆ ಆ ಉದ್ದವು ಸಿಕ್ಕುತ್ತದೆ. ಆರಡಿಯ ಆಳಿಗೆ ಗಿಡ್ಡ ಬೆನ್ನೂ, ಐದೂವರೆ ಅಡಿಯವನಿಗೆ ನೀಳ ಬೆನ್ನೂ ಇರುವುದು ಅಪರೂಪವಲ್ಲ.

ಮೆತ್ತೆಯು ದಪ್ಪವಾಗಿದ್ದ ಮಾತ್ರಕ್ಕೆ ಚೀಲವು ಸುಖಕರವೆಂದು ನಂಬತಕ್ಕದ್ದಲ್ಲ. ಬಹು ಮೃದುವಾದ ಮೆತ್ತೆಯು ಭಾರ ಬಿದ್ದೊಡನೆ ಚಪ್ಪಟೆಯಾಗುತ್ತದೆ. ಚೌಕಟ್ಟು ಬಲಹೀನವಾಗಿದ್ದರೆ ಹೊರೆಯು ಕುಸಿದು ಮತ್ತೆ ಹೆಗಲಿಗೇ ಬರುತ್ತದೆ. ಭಾರವಾದ ವಸ್ತುವು ಬೆನ್ನಿಗೆ ಅಂಟಿಕೊಂಡಿರಬೇಕು, ದೂರ ಸರಿದಷ್ಟೂ ಹಿಂದಕ್ಕೆ ಜಗ್ಗುತ್ತದೆ. ಇದರಿಂದಲೇ ಈಗಿನ ಬೇಟೆಯ ಚೀಲಗಳಲ್ಲಿ ಚೌಕಟ್ಟಿಗೂ ಚೀಲಕ್ಕೂ ನಡುವೆ ಮಾಂಸವನ್ನಿಡಲು ಒಂದು ಎಡೆಯನ್ನು ಬಿಟ್ಟಿರುತ್ತಾರೆ. ಖಾಲಿ ಚೀಲವನ್ನು ಅಂಗಡಿಯಲ್ಲಿ ಹೆಗಲಿಗೇರಿಸಿ ನೋಡಿ ಮೆಚ್ಚುವುದು, ನೊಗಕ್ಕೆ ಹೂಡದೆ ಎತ್ತನ್ನು ಕೊಂಡಂತೆ. ನಲವತ್ತು ಐವತ್ತು ಪೌಂಡು ತುಂಬಿ, ಮೆಟ್ಟಿಲನ್ನು ಹತ್ತಿ ಇಳಿದು, ಅರ್ಧ ಗಂಟೆಯಾದರೂ ನಡೆದು ನೋಡಿದಲ್ಲದೆ ನಿಜವು ತಿಳಿಯದು.

ಇನ್ನು ನಮ್ಮ ತೋಟಗದ್ದೆಗಳ ಮಾತು. ಬೆನ್ನಿಗೆ ಕಟ್ಟುವ ಸಿಂಪಡಿಕೆಯ ಯಂತ್ರಗಳಲ್ಲಿ ೧೬ ಲೀಟರು ಹಿಡಿಯುವುದು ಸಾಮಾನ್ಯ. ನೀರಿನ ತೂಕವೇ ೧೬ ಕಿಲೋ ಆಯಿತು. ಯಂತ್ರದ ತೂಕ ಬೇರೆ. ಇಷ್ಟನ್ನು ಎರಡು ಬೆರಳಗಲದ ಪಟ್ಟಿಗಳ ಮೇಲೆ ತೂಗಹಾಕಿ ಕೊಡುವ ಯಂತ್ರಗಳು ಈಗಲೂ ಉಂಟು. ಬೆಲೆಯಲ್ಲಿ ಕೊಂಚ ಹೆಚ್ಚಾದರೂ ಅಗಲವಾದ ಪಟ್ಟಿ ಮತ್ತು ನಡುಪಟ್ಟಿ ಇರುವುದನ್ನೇ ಆರಿಸುವುದು ಲೇಸು. ಒಂದೇ ಯಂತ್ರವನ್ನು ಹಲವು ಆಳುಗಳು ಹೊರುವಾಗ, ಪ್ರತಿಯೊಬ್ಬನೂ ಪಟ್ಟಿಯನ್ನು ತನ್ನ ಬೆನ್ನಿಗೆ ತಕ್ಕಂತೆ ಸರಿಪಡಿಸಿಕೊಂಡ ಹೊರತು ಕೆಲಸಕ್ಕೆ ಇಳಿಯಗೊಡಬಾರದು.

ಆದರೆ ಒಂದು ವಿಷಯದಲ್ಲಿ ಬೇಟೆಗಾರನ ಚೀಲವು ನಮಗೆ ಮಾದರಿಯಾಗಲಾರದು. ಅವನ ಮೆತ್ತೆಗೆ ಬೆವರು ಹಿಡಿದರೆ ಹಾನಿಯಿಲ್ಲ. ನಮ್ಮ ಆಳಿನ ಬೆನ್ನಿನ ಮೇಲಿರುವುದು ಔಷಧ. ಮುಚ್ಚಳದಿಂದ ಸೋರಿದ ಔಷಧವನ್ನು ಹತ್ತಿಯ ಅಥವಾ ಗೋಣಿಯ ಮೆತ್ತೆಯು ಹೀರಿ ಮೈಗೆ ಒತ್ತಿ ಹಿಡಿಯುತ್ತದೆ. ಕೀಟನಾಶಕಗಳು ಚರ್ಮದ ಮೂಲಕ ದೇಹವನ್ನು ಸೇರಬಲ್ಲವು. ಆದುದರಿಂದ ದ್ರವವನ್ನು ಹೀರದ, ತೊಳೆಯಬಹುದಾದ ಮೆತ್ತೆಯನ್ನೇ ಉಪಯೋಗಿಸತಕ್ಕದ್ದು. ನಡುಪಟ್ಟಿಯ ಕೊಂಡಿಯು ಒಂದೇ ಎಳೆತಕ್ಕೆ ಬಿಚ್ಚುವಂಥದಾಗಿರಬೇಕು. ಸೋರಿಕೆಯಾದಾಗ ಅಥವಾ ಕಾಲು ಜಾರಿದಾಗ ಯಂತ್ರವನ್ನು ತಕ್ಷಣವೇ ಕಳಚಿ ಹಾಕಬೇಕಾಗುತ್ತದೆ. ತುಂಬಿದ ಯಂತ್ರವನ್ನು ನೆಲದಿಂದ ಒಂದೇ ತೋಳಿನಲ್ಲಿ ಎತ್ತಿ ಬೆನ್ನಿಗೆ ತಿರುಗಿಸುವಾಗಲೇ ನಡು ಹಿಡಿಯುವುದು ಹೆಚ್ಚು. ನೀರು ತುಂಬುವ ಸ್ಥಳದಲ್ಲಿ ಸೊಂಟದ ಮಟ್ಟಕ್ಕೆ ಒಂದು ಕಲ್ಲಿನ ಕಟ್ಟೆಯನ್ನು ಹಾಕಿಸಿದರೆ, ಆಳು ಅದಕ್ಕೆ ಬೆನ್ನು ಕೊಟ್ಟು ನಿಂತು ಪಟ್ಟಿಗಳಲ್ಲಿ ತೋಳು ತೂರಿಸಿ ನೇರವಾಗಿ ಹೊರಡಬಹುದು.