ರೇಷ್ಮೆ ಪರದೆಯಿಂದ ಹೊಮ್ಮಿದ ಬೆಳಕಿನ ಬಾಣಗಳು

ಕೆನಡಾದ ಅಮೂರ್ತ ಚಿತ್ರಕಲೆಯಲ್ಲಿ ರೀಟಾ ಲೆಟಾಂದ್ರ್ ಅವರ ಗುರುತು ಬಾಣದ ಆಕಾರ. ಕಪ್ಪು ಅಥವಾ ಕಡುನೀಲಿ ಹಿನ್ನೆಲೆಯನ್ನು ಸೀಳಿಕೊಂಡು ಹಳದಿ, ಕಿತ್ತಳೆ, ಕೆಂಪು ಪಟ್ಟಿಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನುಗ್ಗುತ್ತವೆ. 1970ರ ದಶಕದಲ್ಲಿ ಟೊರಾಂಟೊದಲ್ಲಿ ನೆಲೆಸಿದ್ದ ಈ ಕಲಾವಿದೆ ಅದೇ ಆಕಾರವನ್ನು ಕ್ಯಾನ್ವಾಸಿನಲ್ಲೂ ಬಹುಮಹಡಿ ಕಟ್ಟಡದ ಗೋಡೆಯ ಮೇಲೂ ಬಿಡಿಸಿದರು. ಸಿಲ್ಕ್ ಸ್ಕ್ರೀನ್ ಮುದ್ರಣದ ಮೂಲಕ ಕಾಗದಕ್ಕೂ ಇಳಿಸಿದರು.

ಲೆಟಾಂದ್ರ್ ಹುಟ್ಟಿದ್ದು 1928ರಲ್ಲಿ, ಕ್ವಿಬೆಕ್ ಪ್ರಾಂತ್ಯದ ಡ್ರಮಂಡ್‌ವಿಲ್‌ನಲ್ಲಿ. ಅಬೆನಾಕಿ ಮೂಲನಿವಾಸಿಗಳ ರಕ್ತಸಂಬಂಧವಿದ್ದ ಬಡ ಕುಟುಂಬ ಅವರದು. ಮಾಂಟ್ರಿಯಲ್‌ನ ಕಲಾಶಾಲೆಗೆ ಸೇರಿದರೂ ಅಲ್ಲಿನ ಸಾಂಪ್ರದಾಯಿಕ ಪಾಠ ಹಿಡಿಸದೆ ಅರ್ಧಕ್ಕೇ ಬಿಟ್ಟರು. ಚಿತ್ರಕಾರ ಪಾಲ್ ಎಮಿಲ್ ಬೋರ್ದುವಾ ಅವರ ಸುತ್ತ ನೆರೆದಿದ್ದ, ಪೂರ್ವಯೋಜನೆ ಇಲ್ಲದೆ ಬಿಡಿಸುವ ‘ಆಟೊಮಾಟಿಸ್ಟ್’ ಕಲಾವಿದರ ಒಡನಾಟ ಅವರನ್ನು ಅಮೂರ್ತ ಕಲೆಯತ್ತ ಸೆಳೆಯಿತು. ಆ ಕಾಲದ ಅವರ ಚಿತ್ರಗಳಲ್ಲಿ ಎಣ್ಣೆಬಣ್ಣ ದಪ್ಪನಾಗಿ ಮೆತ್ತಿಕೊಂಡಿರುತ್ತದೆ, ಕುಂಚ ಮತ್ತು ಚಾಕುವಿನ ಓಟ ಎದ್ದು ಕಾಣುತ್ತದೆ.

ತಿರುವು ಬಂದದ್ದು 1965ರಲ್ಲಿ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ವಿಶ್ವವಿದ್ಯಾಲಯದ ಹೊರಗೋಡೆಗೆ ಅವರು ‘ಸನ್‌ಫೋರ್ಸ್’ ಎಂಬ ಭಿತ್ತಿಚಿತ್ರ ರಚಿಸಿದರು. ದೂರದಿಂದ ನೋಡುವ ದೊಡ್ಡ ಗೋಡೆಗೆ ಬಣ್ಣದ ಉಬ್ಬುತಗ್ಗು ಒಗ್ಗದು. ಸರಳ ಆಕಾರ, ಸಮತಟ್ಟಾದ ಬಣ್ಣ, ಚೂಪಾದ ಅಂಚು ಬೇಕು. ಮುಂದೆ ಅವರ ಶೈಲಿಯೇ ಅದಾಯಿತು. 1969ರಲ್ಲಿ ಪತಿ, ಶಿಲ್ಪಿ ಕೊಸೊ ಎಲೂಲ್ ಜೊತೆ ಅವರು ಟೊರಾಂಟೊಗೆ ಬಂದರು.

ಚೂಪಾದ ಅಂಚಿನ ಈ ಶೈಲಿಯೂ ಸಿಲ್ಕ್ ಸ್ಕ್ರೀನ್ ಮುದ್ರಣವೂ ಹೇಳಿ ಮಾಡಿಸಿದ ಜೋಡಿ. ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಮಾಡಿಸಿದವರಿಗೆ ಈ ವಿಧಾನ ಹೊಸತಲ್ಲ. ಚೌಕಟ್ಟಿಗೆ ಬಿಗಿದ ರೇಷ್ಮೆ ಅಥವಾ ನೈಲಾನ್ ಬಲೆಯಲ್ಲಿ ಬಣ್ಣ ಇಳಿಯಬಾರದ ಜಾಗವನ್ನು ಮುಚ್ಚುತ್ತಾರೆ. ಮೇಲೆ ಶಾಯಿ ಸುರಿದು ರಬ್ಬರ್ ಅಲಗಿನ ಸ್ಕ್ವೀಜಿಯಿಂದ ಎಳೆದರೆ, ತೆರೆದ ಕಣ್ಣುಗಳ ಮೂಲಕ ಶಾಯಿ ಕಾಗದಕ್ಕೆ ಇಳಿಯುತ್ತದೆ. ಸಾಮಾನ್ಯವಾಗಿ ಒಂದು ಬಣ್ಣಕ್ಕೆ ಒಂದು ಪರದೆ. ಒಂದು ಬಣ್ಣ ಒಣಗಿದ ಮೇಲೆ ಇನ್ನೊಂದು. ಕಾಗದ ಕೂದಲೆಳೆಯಷ್ಟು ಸರಿದರೂ ಎರಡು ಪಟ್ಟಿಗಳ ನಡುವೆ ಬಿಳಿ ಗೆರೆ ಇಣುಕುತ್ತದೆ, ಇಲ್ಲವೇ ಒಂದರ ಮೇಲೊಂದು ಹತ್ತಿ ಕೊಳಕು ಅಂಚು ಮೂಡುತ್ತದೆ. ಚಿತ್ರದ ಓಟವೆಲ್ಲ ಅಂಚಿನ ಮೇಲೇ ನಿಂತಿರುವ ಇಂಥ ಕೃತಿಗಳಲ್ಲಿ ಮುದ್ರಕನ ಕೈಗೆ ಪರೀಕ್ಷೆ ಇರುವುದು ಇಲ್ಲೇ.

ಟೊರಾಂಟೊಗೆ ಈ ತಂತ್ರ ಮೊದಲೇ ಪರಿಚಿತ. 1942ರಿಂದ ಸುಮಾರು ಎರಡು ದಶಕ ಇಲ್ಲಿನ ಸ್ಯಾಂಪ್ಸನ್ ಮ್ಯಾಥ್ಯೂಸ್ ಕಂಪನಿ ಕೆನಡಾದ ನಿಸರ್ಗಚಿತ್ರಗಳನ್ನು ಸಿಲ್ಕ್ ಸ್ಕ್ರೀನಿನಲ್ಲಿ ಮುದ್ರಿಸಿ ಸೈನಿಕ ಶಿಬಿರ, ಶಾಲೆ, ಬ್ಯಾಂಕುಗಳಿಗೆ ತಲುಪಿಸಿತ್ತು. ಅವು ಬಹುಮಟ್ಟಿಗೆ ವರ್ಣಚಿತ್ರಗಳ ಪ್ರತಿರೂಪಗಳು. 1970ರಲ್ಲಿ ರಿಚರ್ಡ್ ಸ್ಯೂಯೆಲ್ ಮತ್ತು ಬಾರ್ಬರಾ ಹಾಲ್ ಆರಂಭಿಸಿದ ‘ಓಪನ್ ಸ್ಟುಡಿಯೊ’ದಂಥ ಕೇಂದ್ರಗಳು ಬಂದ ಮೇಲೆ ಮುದ್ರಣವನ್ನೇ ಸ್ವತಂತ್ರ ಕೃತಿಯಾಗಿ ಕಾಣುವ ದೃಷ್ಟಿ ನಗರದಲ್ಲಿ ಬಲಗೊಂಡಿತು.

ಇಂಥ ಮುದ್ರಣಕ್ಕೆ ಮಿತಿ ಇರುತ್ತದೆ. ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ‘12/100’ ಎಂದಿದ್ದರೆ ನೂರು ಪ್ರತಿಗಳಲ್ಲಿ ಅದು ಹನ್ನೆರಡನೆಯದು. ಸಾಮಾನ್ಯವಾಗಿ ಪಕ್ಕದಲ್ಲೇ ಶೀರ್ಷಿಕೆ, ಕಲಾವಿದರ ಸಹಿ, ಇಸವಿ ಇರುತ್ತವೆ. ಓರೆ ಬೆಳಕಿನಲ್ಲಿ ನೋಡಿದರೆ ಶಾಯಿಯ ಪದರ ತುಸು ಉಬ್ಬಿರುವುದು ಕಾಣುತ್ತದೆ. ಭೂತಗನ್ನಡಿಯಲ್ಲಿ ಸಾಲುಸಾಲು ಚುಕ್ಕೆಗಳು ಕಂಡರೆ ಅದು ಬಹುಮಟ್ಟಿಗೆ ಆಫ್‌ಸೆಟ್ ಪೋಸ್ಟರ್. ಬಿಸಿಲು ಸಿಲ್ಕ್ ಸ್ಕ್ರೀನ್ ಮುದ್ರಣಗಳ ಮೊದಲ ಶತ್ರು, ಚೌಕಟ್ಟು ಹಾಕುವಾಗ ಹಿಂದೆ ಇಡುವ ಆಮ್ಲವಿರುವ ರಟ್ಟು ಎರಡನೆಯದು.

ಮುದ್ರಣದ ಜೊತೆಜೊತೆಗೇ ಲೆಟಾಂದ್ರ್ ನಗರವನ್ನೇ ಕ್ಯಾನ್ವಾಸ್ ಮಾಡಿಕೊಂಡರು. 1971ರಲ್ಲಿ ನೀಲ್ ವೈಸಿಕ್ ವಿದ್ಯಾರ್ಥಿನಿಲಯದ ಎತ್ತರದ ಗೋಡೆಗೆ ‘ಸನ್‌ರೈಸ್’ ಬಂತು. ಪಕ್ಕದಲ್ಲಿ ಎದ್ದ ಕಟ್ಟಡ ಮುಂದೆ ಅದನ್ನು ಮರೆಮಾಡಿತು. 1978ರಲ್ಲಿ ಗ್ಲೆನ್‌ಕೇರ್ನ್ ಮೆಟ್ರೊ ನಿಲ್ದಾಣದ ಗಾಜಿನ ಚಾವಣಿಗೆ ‘ಜಾಯ್’ ರಚಿಸಿದರು. ಬಿಸಿಲಿಗೆ ಬಣ್ಣ ಮಾಸಿದ್ದರಿಂದ ಅದನ್ನು ತೆಗೆಯಬೇಕಾಯಿತು. ಅದೇ ದಶಕದಲ್ಲಿ ಏರ್‌ಬ್ರಷ್ ಕೈಗೆತ್ತಿಕೊಂಡ ಮೇಲೆ ಅವರ ಪಟ್ಟಿಗಳ ಅಂಚು ಮೆಲ್ಲಗೆ ಮಂಜಾಗತೊಡಗಿತು. ಆನಂತರದ ವರ್ಷಗಳಲ್ಲಿ ಅವರು ಮತ್ತೆ ಎಣ್ಣೆಬಣ್ಣಕ್ಕೆ ಮರಳಿದರು.

2010ರಲ್ಲಿ ಅವರಿಗೆ ಗವರ್ನರ್ ಜನರಲ್ ಪ್ರಶಸ್ತಿ ಸಂದಿತು. 2017ರಲ್ಲಿ ಆರ್ಟ್ ಗ್ಯಾಲರಿ ಆಫ್ ಒಂಟಾರಿಯೊ ಅವರ ಕೃತಿಗಳ ದೊಡ್ಡ ಪ್ರದರ್ಶನ ಏರ್ಪಡಿಸಿತು. 2021ರ ನವೆಂಬರಿನಲ್ಲಿ, 93ನೇ ವಯಸ್ಸಿನಲ್ಲಿ, ಅವರು ಟೊರಾಂಟೊದಲ್ಲೇ ನಿಧನರಾದರು. ಅದಕ್ಕೆ ಒಂದು ವರ್ಷ ಮೊದಲು, 2020ರಲ್ಲಿ, ‘ಜಾಯ್’ ಹೊಸ ಗಾಜಿನಲ್ಲಿ ಗ್ಲೆನ್‌ಕೇರ್ನ್ ನಿಲ್ದಾಣಕ್ಕೆ ಮರಳಿ ಬಂದಿತ್ತು. ಟೊರಾಂಟೊಗೆ ಹೋಗುವ ಕನ್ನಡಿಗರಿಗೆ ಲೆಟಾಂದ್ರ್ ಅವರ ಬಣ್ಣಗಳನ್ನು ನೋಡಲು ರೈಲಿನ ಟಿಕೆಟ್ ಒಂದಿದ್ದರೆ ಸಾಕು.