ಸ್ಟಾರ್ಟ್ ಆಗಿ ಬಂದ್ ಬೀಳುವ ಹಳೇ ಗಾಡಿ: ಬ್ಯಾಟರಿ ಬದಲಿಸುವ ಮುನ್ನ

ಆರಿದ್ರಾ ಮಳೆ ಹಿಡಿಯಿತೆಂದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಹಳೇ ಗಾಡಿ ಇಟ್ಟುಕೊಂಡವರದು ಒಂದೇ ದೂರು: ‘ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತೆ, ಗೇಟು ದಾಟುವಷ್ಟರಲ್ಲಿ ಬಂದ್ ಬೀಳುತ್ತೆ.’ ತೋಟದ ಡೀಸೆಲ್ ಜೀಪಿರಲಿ, ಮನೆಯ ಮಾರುತಿ 800 ಇರಲಿ, ಸುತ್ತ ನಿಂತವರ ಮೊದಲ ಸಲಹೆ ‘ಬ್ಯಾಟರಿ ವೀಕ್, ಬದಲಾಯಿಸಿ’.

ಇದು ತಪ್ಪು. ಎಂಜಿನ್ ಗಿರ್ರನೆ ತಿರುಗಿ ಸ್ಟಾರ್ಟ್ ಆಯಿತು ಎಂದರೆ ಬ್ಯಾಟರಿ ತನ್ನ ಕಷ್ಟದ ಕೆಲಸ ಮುಗಿಸಿದೆ. ಸೆಲ್ಫ್ ಮೋಟರಿಗೆ ನೂರು ಆಂಪಿಯರ್ ಆಸುಪಾಸಿನ, ಡೀಸೆಲ್ ಗಾಡಿಯಾದರೆ ಅದಕ್ಕೂ ಹೆಚ್ಚಿನ ಕರೆಂಟ್ ಬೇಕು. ಕಾರ್ಬ್ಯುರೇಟರ್ ಕಾಲದ ಪೆಟ್ರೋಲ್ ಎಂಜಿನ್ನಿನ ಕಿಡಿಗೆ ಕೆಲವೇ ಆಂಪಿಯರ್ ಸಾಕು. ಕೇಬಲ್ ಎಳೆದು ಆರಿಸುವ ಹಳೇ ಡೀಸೆಲ್ ಜೀಪಿಗಂತೂ ಒಮ್ಮೆ ಓಡತೊಡಗಿದ ಮೇಲೆ ಕರೆಂಟೇ ಬೇಡ. ಟರ್ಮಿನಲ್ ಸಡಿಲವಾಗಿದೆಯೇ, ಹಸಿರು ಕಟ್ಟಿದೆಯೇ ಎಂದು ನೋಡಿ, ಬ್ಯಾಟರಿಯನ್ನು ಅಲ್ಲಿಗೆ ಬಿಟ್ಟುಬಿಡಿ.

ಗಮನಿಸಬೇಕಾದ್ದು ಗಾಡಿ ಹೇಗೆ ನಿಂತಿತು, ಎಷ್ಟು ಹೊತ್ತಿಗೆ ನಿಂತಿತು ಎಂಬುದನ್ನು. ಪೆಟ್ರೋಲ್ ಎಂಜಿನ್ ಸ್ವಿಚ್ ಆರಿಸಿದ ಬಲ್ಬಿನಂತೆ ಪಕ್ಕನೆ ನಿಂತರೆ ಕಿಡಿ ತಪ್ಪಿರುವ ಸಾಧ್ಯತೆ ಹೆಚ್ಚು. ಕೆಮ್ಮಿ, ಜರ್ಕ್ ಹೊಡೆದು, ಆಕ್ಸಿಲರೇಟರ್ ತುಳಿದರೂ ಏಳದೆ ಕುಸಿದರೆ ಇಂಧನ ಸಾಲುತ್ತಿಲ್ಲ. ಸೆಲ್ಫ್ ಹೊಡೆದು ಕೀ ಬಿಟ್ಟ ಕ್ಷಣವೇ ನಿಂತರೆ ಇಗ್ನಿಷನ್ ಸ್ವಿಚ್ ನೋಡಬೇಕು. ಕೆಲವು ಹಳೇ ಪೆಟ್ರೋಲ್ ಗಾಡಿಗಳಲ್ಲಿ ಸೆಲ್ಫ್ ಹೊಡೆಯುವಾಗ ಕಾಯಿಲ್‌ಗೆ ಕರೆಂಟ್ ಒಂದು ದಾರಿಯಲ್ಲಿ ಬರುತ್ತದೆ, ಓಡುವಾಗ ಬ್ಯಾಲಸ್ಟ್ ರೆಸಿಸ್ಟರ್ ಎಂಬ ಚಿಕ್ಕ ತುಂಡಿನ ಮೂಲಕ ಬರುತ್ತದೆ. ಆ ತುಂಡು ಸುಟ್ಟಿದ್ದರೆ ಗಾಡಿ ಪ್ರತಿ ಸಲವೂ ಸ್ಟಾರ್ಟ್ ಆಗುತ್ತದೆ, ಪ್ರತಿ ಸಲವೂ ನಿಲ್ಲುತ್ತದೆ.

ನಮ್ಮ ಕಡೆ ಅತ್ಯಂತ ದುಬಾರಿಯಾಗುವ ತಪ್ಪು ಕಲ್ಪನೆ ಡೀಸೆಲ್ ಜೀಪಿನದು: ‘ಎಲ್ಲೂ ಡೀಸೆಲ್ ಸೋರ್ತಿಲ್ಲ, ಪೈಪೆಲ್ಲ ಸರಿಯಾಗಿದೆ. ಪಂಪೇ ಹೋಗಿರಬೇಕು.’ ಪಂಪು, ನಾಝಲ್ ಬಿಚ್ಚಿಸಿ ಸಾವಿರಗಟ್ಟಲೆ ಕಳೆದುಕೊಳ್ಳುವುದು ಈ ಮಾತಿನಿಂದಲೇ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲ್ ಎಳೆತದಲ್ಲಿ ಬರುತ್ತದೆ. ಅಲ್ಲಿ ರಬ್ಬರ್ ಪೈಪು ಸೀಳಿದ್ದರೆ, ತಾಮ್ರದ ವಾಷರ್ ಸವೆದಿದ್ದರೆ ಹೊರಗೆ ಒಂದು ಹನಿಯೂ ಕಾಣದೆ ಒಳಗೆ ಗಾಳಿ ಹೋಗುತ್ತದೆ. ಟ್ಯಾಂಕ್ ಹಿಂದೆ ಇರುವ ಗಾಡಿಯನ್ನು ರಾತ್ರಿ ಮೂತಿ ಏರಿಗೆ ಮಾಡಿ ನಿಲ್ಲಿಸಿದಿರಿ ಅನ್ನಿ. ಪೈಪಿನ ಡೀಸೆಲ್ ಟ್ಯಾಂಕಿಗೆ ವಾಪಸು ಇಳಿಯುತ್ತದೆ. ಫಿಲ್ಟರಿನಲ್ಲೂ ಪಂಪಿನಲ್ಲೂ ಉಳಿದದ್ದರಿಂದ ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆ, ಅದು ಮುಗಿದು ಗಾಳಿ ಬಂದಾಗ ನಿಲ್ಲುತ್ತದೆ.

ಪರೀಕ್ಷೆಗೆ ಕಾಸು ಖರ್ಚಿಲ್ಲ. ಒಂದು ರಾತ್ರಿ ಮೂತಿ ಇಳಿಜಾರಿಗೆ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ. ಬೆಳಿಗ್ಗೆ ತೊಂದರೆ ಇಲ್ಲದಿದ್ದರೆ ಲೈನು ಗಾಳಿ ಎಳೆಯುತ್ತಿದೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದರೆ ಮೊದಲು ಬಿಳಿ ನೊರೆ ಬುಸಬುಸನೆ ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ತಿಳಿ ಡೀಸೆಲ್. ಆಗ, ಪಂಪು ಒತ್ತುತ್ತಲೇ ಸ್ಕ್ರೂ ಬಿಗಿ ಮಾಡಬೇಕು. ಆದರೆ ಏರ್ ತೆಗೆದರೆ ರಿಪೇರಿ ಆಯಿತು ಎಂದುಕೊಳ್ಳಬೇಡಿ. ಗಾಳಿ ಹೊಕ್ಕ ಜಾಗ ಹಾಗೇ ಇದೆ. ಫೀಡ್ ಪಂಪಿನ ಮುಂಚೆ ಗೇಣುದ್ದ ಪಾರದರ್ಶಕ ಡೀಸೆಲ್ ಪೈಪು ತಾತ್ಕಾಲಿಕವಾಗಿ ಹಾಕಿಸಿದರೆ ಗುಳ್ಳೆ ಓಡುವುದು ಕಣ್ಣಿಗೇ ಕಾಣುತ್ತದೆ. ಮಳೆಗಾಲದಲ್ಲಿ ಫಿಲ್ಟರಿನ ತಳದ ತಿರುಪನ್ನೂ ಬಿಚ್ಚಿ ಗಾಜಿನ ಬಾಟಲಿಗೆ ಸ್ವಲ್ಪ ಇಳಿಸಿ ನೋಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಮಾರುತಿ 800 ರಸ್ತೆಗೆ ಬಂದದ್ದು 1983ರಲ್ಲಿ, ಜಿಪ್ಸಿ 1985ರಲ್ಲಿ. 2000ದ ಸುಮಾರಿಗೆ ಎಂಪಿಎಫ್‌ಐ (ಕಂಪ್ಯೂಟರ್ ನಿಯಂತ್ರಿಸುವ ಇಂಧನ ಇಂಜೆಕ್ಷನ್) ಬರುವವರೆಗೂ ಇವೆರಡೂ ಕಾರ್ಬ್ಯುರೇಟರ್ ಗಾಡಿಗಳೇ. ಇಂಥವುಗಳಿಗೆ ‘ಚೋಕ್ ಎಳೆದರೆ ನಿಲ್ಲಲ್ಲ, ಹಾಗೇ ಓಡಿಸಿ’ ಎನ್ನುವವರಿದ್ದಾರೆ. ಬಿಸಿಯಾದ ಎಂಜಿನ್ನಿಗೂ ಚೋಕ್ ಬೇಕೆಂದರೆ ಐಡ್ಲಿಂಗ್ ಜೆಟ್ ಕಟ್ಟಿದೆ, ಇಲ್ಲವೇ ಕಾರ್ಬ್ಯುರೇಟರಿನ ಕೆಳಗಿನ ಪ್ಯಾಕಿಂಗಿನಲ್ಲೋ ವ್ಯಾಕ್ಯೂಮ್ ಪೈಪಿನಲ್ಲೋ ಗಾಳಿ ನುಗ್ಗುತ್ತಿದೆ. ಚೋಕ್ ಎಳೆದೇ ಓಡಿಸಿದರೆ ಹೆಚ್ಚುವರಿ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆಯುತ್ತದೆ, ಪ್ಲಗ್ ಕಪ್ಪಾಗುತ್ತದೆ. ಐಡ್ಲಿಂಗ್ ಸ್ಕ್ರೂ ತಿರುಗಿಸಿ ರೇಸ್ ಹೆಚ್ಚಿಸುವುದೂ ಅಷ್ಟೇ, ಕಾಯಿಲೆ ಮುಚ್ಚಿಹೋಗುತ್ತದೆ.

ಮಳೆಯಲ್ಲಿ ಮಾತ್ರ ಬಂದ್ ಬೀಳುವ ಪೆಟ್ರೋಲ್ ಗಾಡಿಯನ್ನು ಕಂಡು ‘ಪೆಟ್ರೋಲಿಗೆ ನೀರು ಸೇರಿದೆ’ ಎನ್ನುತ್ತಾರೆ. ಸೇರಿರಲೂಬಹುದು, ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ನೀರು ಹೀರುತ್ತದೆ, ಹಳೇ ರಬ್ಬರ್ ಪೈಪುಗಳಿಗೂ ಅದು ಒಳ್ಳೆಯದಲ್ಲ. ಆದರೆ ಟ್ಯಾಂಕ್ ಖಾಲಿ ಮಾಡಿಸುವ ಮೊದಲು ಡೆಲ್ಕೋ (ಡಿಸ್ಟ್ರಿಬ್ಯೂಟರ್) ಮುಚ್ಚಳ ನೋಡಿ. ಕತ್ತಲಾದ ಮೇಲೆ, ತೆರೆದ ಜಾಗದಲ್ಲಿ ಬಾನೆಟ್ ಎತ್ತಿ ಎಂಜಿನ್ ಓಡಲು ಬಿಡಿ. ಎಲ್ಲೂ ಕೈ ಇಡದೆ, ಸ್ವಲ್ಪ ದೂರದಿಂದ ನೋಡಿ. ಮುಚ್ಚಳಕ್ಕೆ ಕೂದಲೆಳೆಯ ಬಿರುಕಿದ್ದರೆ, ಪ್ಲಗ್ ವೈರಿನ ಹೊದಿಕೆ ಹಳೆಯದಾಗಿದ್ದರೆ ನೀಲಿ ಕಿಡಿ ತೇವದ ಮೇಲೆ ಚಿಟಿಚಿಟಿ ಎನ್ನುತ್ತಾ ಹರಿದಾಡುವುದು ಕಾಣುತ್ತದೆ. ಎಂಜಿನ್ ಆರಿಸಿ ಒಣಬಟ್ಟೆಯಲ್ಲಿ ಮುಚ್ಚಳದ ಒಳಗೂ ಹೊರಗೂ ಒರೆಸಿದರೆ ಅಂದಿನ ಮಟ್ಟಿಗೆ ಊರು ಸೇರಬಹುದು.

ಇನ್ನೊಂದು ಬಗೆ, ಕಾಲು ಗಂಟೆ ಚೆನ್ನಾಗಿ ಓಡಿ ಕುಸಿಯುವುದು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುವುದು. ‘ಎಂಜಿನ್ ಕೆಲಸ ಬಂದಿದೆ’ ಎಂಬ ತೀರ್ಪು ಬೇಗ ಬೀಳುತ್ತದೆ. ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ಬಿಚ್ಚಿ ನೋಡಿ. ಉಸ್ ಎಂದು ಗಾಳಿ ಒಳಗೆ ನುಗ್ಗಿ ಗಾಡಿ ಮತ್ತೆ ಸ್ಟಾರ್ಟ್ ಆದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿದೆ. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಆ ಸಣ್ಣ ಕೊಳವೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದ್ದರೂ ಸಾಕು.

ಚಾರ್ಮಾಡಿ ಘಾಟಿ ಹತ್ತಿ ಬಂದವರು ‘ಎತ್ತರದಲ್ಲಿ ಗಾಳಿ ತೆಳು’ ಎಂದು ಕಾರಣ ಕೊಡುತ್ತಾರೆ. ಸಮುದ್ರಮಟ್ಟದಿಂದ 1,000 ಮೀಟರ್ ಮೇಲೆ ಗಾಳಿ ಹತ್ತರಲ್ಲಿ ಒಂದು ಪಾಲಿನಷ್ಟು ತೆಳುವಾಗುವುದು ನಿಜ. ಅದರಿಂದ ಎಳೆತ ತುಸು ಕಡಿಮೆಯಾದೀತು, ಸರಿಯಾಗಿರುವ ಗಾಡಿ ನಿಲ್ಲುವುದಿಲ್ಲ.

ಕಾರಣ ಗೊತ್ತಾಗುವವರೆಗೆ ಗಾಡಿಯನ್ನು ಘಾಟಿಗೆ ಇಳಿಸಬೇಡಿ. ಬ್ರೇಕ್ ಬೂಸ್ಟರ್ ಇರುವ ಗಾಡಿ ಇಳಿಜಾರಿನಲ್ಲಿ ನಿಂತರೆ ಒಂದೆರಡು ಸಲ ಬ್ರೇಕ್ ಒತ್ತುವಷ್ಟು ಸಹಾಯ ಉಳಿದಿರುತ್ತದೆ, ಆಮೇಲೆ ಪೆಡಲ್ ಕಲ್ಲಾಗುತ್ತದೆ. ಮಳೆಯೆಂದು ಶೆಡ್ಡಿನ ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸಿ ನೋಡುವುದಂತೂ ಜೀವಕ್ಕೇ ಅಪಾಯ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ.

ಎಂಪಿಎಫ್‌ಐ ಗಾಡಿಯಾದರೆ ಸೆಲ್ಫ್ ಹೊಡೆಯದೆ ಕೀ ಮಾತ್ರ ಆನ್ ಮಾಡಿ. ಹಿಂದಿನ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡ್ ಸಣ್ಣ ಗುಂಯ್ ಸದ್ದು ಕೇಳಬೇಕು. ಅದು ಪೆಟ್ರೋಲ್ ಪಂಪಿನದು. ಕೇಳದಿದ್ದರೆ ಫ್ಯೂಸ್, ರಿಲೇ, ಪಂಪು ಈ ಕ್ರಮದಲ್ಲಿ ನೋಡಿಸಿ. ಎಂಜಿನ್ ಲೈಟ್ ಹತ್ತಿದ್ದರೆ ಬ್ಯಾಟರಿ ವೈರ್ ತೆಗೆದು ಅದನ್ನು ಆರಿಸಬೇಡಿ. ಕಂಪ್ಯೂಟರಿನಲ್ಲಿ ಬರೆದಿಟ್ಟ ದೋಷದ ಕೋಡ್ ಅದರ ಜೊತೆಗೇ ಅಳಿಸಿಹೋಗಬಹುದು, ಮೆಕ್ಯಾನಿಕ್ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.